ಬಿಚ್ಚುವ ಮೊದಲು ಎಂಜಿನ್ನಿನ ಗುರುತು ಹಿಡಿಯಿರಿ

ಹಳೆಯ ಆರು ಸಿಲಿಂಡರ್ ಕಾರುಗಳಿಗೆ ಮರುಜೀವ ಕೊಡುವ ಹುಮ್ಮಸ್ಸು ಹೆಚ್ಚಿದೆ. ಆದರೆ ಎಂಜಿನ್ ಯಾವುದೆಂದು ತಿಳಿಯದೆ ಸ್ಪ್ಯಾನರ್ ಹಚ್ಚಿದರೆ ಉಳಿಯಬಹುದಾಗಿದ್ದ ಬ್ಲಾಕ್ ಕೂಡ ಗುಜರಿ ಸೇರುತ್ತದೆ.

ನಮ್ಮ ದಾರಿಯ ಗ್ಯಾರೇಜುಗಳನ್ನೇ ನೋಡಿ. ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ, ಮೂಡಿಗೆರೆ, ಬೇಲೂರು, ಹಳೇಬೀಡು, ಜಾವಗಲ್, ಬಾಣಾವರ ದಾಟಿ, ಅರಸೀಕೆರೆಯ ಮೇಲೆ ಹಾದು ತುಮಕೂರು ಸೇರುತ್ತದೆ ರಾಷ್ಟ್ರೀಯ ಹೆದ್ದಾರಿ 73. ಬೇಲೂರಿನ ಕಡೆ ಕಾಫಿ, ಮೆಣಸು. ಅರಸೀಕೆರೆಯ ಕಡೆ ತೆಂಗು, ಕೊಬ್ಬರಿ. ಈ ಸರಕು ಹೊರುವ ಲಾರಿಗಳಿಂದಾಗಿ ದಾರಿಯುದ್ದಕ್ಕೂ ಗ್ಯಾರೇಜು, ಲೇತ್ ಅಂಗಡಿಗಳು ಬೆಳೆದಿವೆ. ಇಲ್ಲಿನ ಮೆಕ್ಯಾನಿಕ್ಕುಗಳಿಗೆ ಸಾಲಾಗಿ ನಿಂತ ಆರು ಸಿಲಿಂಡರ್ ಹೊಸದೇನಲ್ಲ. ಟಾಟಾ ಲಾರಿಯ 692, 697 ಎಂಜಿನ್‌ಗಳನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸುವವರು ಈ ಸೀಮೆಯಲ್ಲಿದ್ದಾರೆ. ಆ ಎಂಜಿನ್‌ಗಳ ಹೆಸರಲ್ಲೇ ಜಾತಕವಿದೆ: 697 ಎಂದರೆ ಆರು ಸಿಲಿಂಡರ್, 97 ಮಿ.ಮೀ. ಬೋರ್. 692 ಎಂದರೆ ಆರು ಸಿಲಿಂಡರ್, 92 ಮಿ.ಮೀ. ಬೋರ್.

ಹಳೆಯ ಕಾರಿನ ಆರು ಸಿಲಿಂಡರ್ ಎಂಜಿನ್ ಹೀಗೆ ತನ್ನ ಹೆಸರು ತಾನೇ ಹೇಳುವುದಿಲ್ಲ. ಬಾನೆಟ್ ಮೇಲೆ ಡಾಡ್ಜ್ ಎಂದಿರುತ್ತದೆ, ಒಳಗಿರುವುದು ಪ್ಲೈಮೌತ್. ಕಾಗದದಲ್ಲಿ ಪೆಟ್ರೋಲ್ ಎಂದಿರುತ್ತದೆ, ಬಾನೆಟ್ ಎತ್ತಿದರೆ ಡೀಸೆಲ್ ಕೂತಿರುತ್ತದೆ. ಷೆವರ್ಲೆ ಎಂಬುದು ನಿಜವಾದರೂ 216 ಘನ ಇಂಚಿನ ಎಂಜಿನ್ ಹೋಗಿ 235ರದು ಬಂದಿರುತ್ತದೆ. ತೋಟದ ಶೆಡ್ಡಿನಲ್ಲಿ, ಹಳೆಯ ಮನೆಯ ಹಿತ್ತಲಲ್ಲಿ ವರ್ಷಾನುಗಟ್ಟಲೆ ನಿಂತ ಇಂಥ ಕಾರು ಗ್ಯಾರೇಜಿಗೆ ಬಂದಾಗ ಮಾಡಬೇಕಾದ ಮೊದಲ ಕೆಲಸ ಒಂದೇ. ಅದು ಯಾವ ಎಂಜಿನ್, ಯಾವ ಕಾಲದ್ದು, ಯಾವ ಅಳತೆಯದು ಎಂದು ಖಚಿತಪಡಿಸಿಕೊಳ್ಳುವುದು. ಬೋರಿಂಗ್, ಪಿಸ್ಟನ್, ರಿಂಗು, ಬೇರಿಂಗ್ ಎಲ್ಲ ಆಮೇಲಿನ ಮಾತು.

ಈ ಎಂಜಿನ್‌ಗಳು ಬಂದ ದಾರಿ

ಅಮೆರಿಕದ ದೊಡ್ಡ ಕಾರುಗಳು ನಮ್ಮಲ್ಲಿಗೆ ಹಡಗಿನಲ್ಲಿ ಇಡಿಯಾಗಿ ಬಂದವು ಮಾತ್ರವಲ್ಲ, ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾದವೂ ಉಂಟು. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬೈನ ಶಿವಡಿಯಲ್ಲಿ ಜೋಡಣಾ ಕಾರ್ಖಾನೆ ತೆರೆಯಿತು. ಷೆವರ್ಲೆ ಕಾರು, ಲಾರಿಗಳು ಅಲ್ಲಿಂದ ದೇಶದೆಲ್ಲೆಡೆ ಹೋದವು. 1942ರಲ್ಲಿ ಹುಟ್ಟಿದ ಹಿಂದುಸ್ತಾನ್ ಮೋಟಾರ್ಸ್ ಸ್ಟೂಡಿಬೇಕರ್ ಕಾರುಗಳನ್ನು ಜೋಡಿಸಿತು. 1944ರಲ್ಲಿ ವಾಲ್‌ಚಂದ್ ಹೀರಾಚಂದ್ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್, ಕ್ರೈಸ್ಲರ್ ಕಂಪನಿಯ ಒಪ್ಪಂದದಡಿ ಡಾಡ್ಜ್, ಪ್ಲೈಮೌತ್, ಡಿಸೋಟೊ ಕಾರುಗಳನ್ನೂ ಡಾಡ್ಜ್, ಫಾರ್ಗೊ ಲಾರಿಗಳನ್ನೂ ಹೊರತಂದಿತು.

ಈ ಕಥೆಯಲ್ಲಿ ಮೈಸೂರು ಸಂಸ್ಥಾನಕ್ಕೂ ಒಂದು ಪಾಲಿದೆ. 1930ರ ದಶಕದ ಮಧ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು, ಅಮೆರಿಕಗಳ ಕಾರು ಕಾರ್ಖಾನೆಗಳನ್ನು ನೋಡಿಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆಯನ್ನು ಬರೆದರು. ಆ ಕಾರ್ಖಾನೆ ಬೆಂಗಳೂರಿಗೆ ಬರಲೆಂದು ಸಂಸ್ಥಾನ ನೆರವಿಗೂ ಮುಂದಾಗಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಒಪ್ಪಿದ್ದರೆ ಈ ಎಂಜಿನ್‌ಗಳ ಬಿಡಿಭಾಗ, ಕೈಪಿಡಿ, ಅವುಗಳ ಮೇಲೆ ಕೈ ಪಳಗಿಸಿಕೊಂಡ ಕೆಲಸಗಾರರು ನಮ್ಮ ಅಕ್ಕಪಕ್ಕದಲ್ಲೇ ಇರುತ್ತಿದ್ದರೇನೋ.

ಸ್ವಾತಂತ್ರ್ಯಾನಂತರ ಆಮದಿಗೆ ಬಿಗಿ ಬಂತು. ಇಲ್ಲೇ ಹಂತಹಂತವಾಗಿ ತಯಾರಿಸುವವರಿಗಷ್ಟೇ ಅವಕಾಶ ಎಂಬ ನೀತಿ ಬಂದಾಗ, 1953–54ರ ಹೊತ್ತಿಗೆ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಬಾಗಿಲು ಹಾಕಿಕೊಂಡು ಹೋದವು. ರಸ್ತೆಗಳು ನಾಲ್ಕು ಸಿಲಿಂಡರಿನ ಅಂಬಾಸಡರ್, ಫಿಯೆಟ್‌ಗಳ ಪಾಲಾದವು. 1973ರ ತೈಲ ಬಿಕ್ಕಟ್ಟಿನ ಬಳಿಕ ಪೆಟ್ರೋಲ್ ಕುಡಿಯುವ ಆರು ಸಿಲಿಂಡರ್ ಕಾರನ್ನು ಓಡಿಸುವುದೇ ಭಾರವಾಯಿತು. ಹಲವರು ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದರು. ಮದ್ರಾಸಿನ ಸಿಂಪ್ಸನ್ ಕಂಪನಿ ತಯಾರಿಸುತ್ತಿದ್ದ ಪರ್ಕಿನ್ಸ್ ಪಿ6 ಕೂಡ ಸಾಲು ಆರು ಸಿಲಿಂಡರ್ ಎಂಜಿನ್ನೇ: ಬೋರ್ ಮೂರೂವರೆ ಇಂಚು, ಸ್ಟ್ರೋಕ್ ಐದು ಇಂಚು, 4.73 ಲೀಟರ್. ಹಳೆಯ ಪೆಟ್ರೋಲ್ ಲಾರಿಗಳ ಹೊಟ್ಟೆಯಲ್ಲಿ ಅದು ಸಿಗುವುದುಂಟು. ಆದ್ದರಿಂದ ‘ಆರು ಸಿಲಿಂಡರ್ ಇದೆ, ಹಾಗಾಗಿ ಮೂಲ ಎಂಜಿನ್ನೇ’ ಎಂದು ತೀರ್ಮಾನಿಸುವಂತಿಲ್ಲ.

ಬಾನೆಟ್ ಮೇಲಿನ ಹೆಸರನ್ನೂ ನಂಬುವಂತಿಲ್ಲ. ರಫ್ತಿಗಾಗಿ ತಯಾರಾದ ಡಾಡ್ಜ್ ಕಿಂಗ್ಸ್‌ವೇ, ಡಿಸೋಟೊ ಡಿಪ್ಲೊಮ್ಯಾಟ್ ಕಾರುಗಳು ಮೂಲದಲ್ಲಿ ಪ್ಲೈಮೌತ್‌ಗಳೇ. ಮುಖದ ಅಲಂಕಾರ, ಹೆಸರಿನ ಫಲಕ ಮಾತ್ರ ಬೇರೆ. ಡಾಡ್ಜ್ ಎಂದು ಹುಡುಕಿ ತರಿಸಿದ ಸಾಮಾನು ಕೂರದಿದ್ದರೆ ಅಂಗಡಿಯವನನ್ನು ದೂರಿ ಫಲವಿಲ್ಲ.

ಮೊದಲು ಕಾಗದ

ಗುರುತು ಹಿಡಿಯುವ ಕೆಲಸ ಆರಂಭವಾಗುವುದು ಗ್ಯಾರೇಜಿನಲ್ಲಲ್ಲ, ಆರ್‌ಟಿಒ ಕಚೇರಿಯಲ್ಲಿ. ಆರ್‌ಸಿ ಪುಸ್ತಕ ಕೈಯಲ್ಲಿದ್ದರೂ ‘ಬಿ ಎಕ್ಸ್‌ಟ್ರಾಕ್ಟ್’, ಅಂದರೆ ಕಚೇರಿಯ ನೋಂದಣಿ ದಾಖಲೆಯ ಪ್ರತಿ, ತೆಗೆಸಿ. ಮಾಲೀಕರ ಹೆಸರು, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳು ಅದರಲ್ಲಿ ಸಿಗುತ್ತವೆ. ಹಾಸನದ ಈಗಿನ ಕೆಎ–13 ಸರಣಿಗಿಂತ ಹಿಂದಿನ, ಮೈಸೂರು ರಾಜ್ಯದ ಹಳೆಯ ನೋಂದಣಿಯ ವಾಹನವಾದರೆ ಹಳೆಯ ಪುಸ್ತಕವನ್ನು ಜೋಪಾನವಾಗಿಡಿ. ಅಂಥ ಕಾರಿನ ಪೂರ್ವೋತ್ತರಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಸಿಗುವುದು ಕಷ್ಟ.

ಹಳೆಯ ಪುಸ್ತಕದ ಅಶ್ವಶಕ್ತಿಯ ಅಂಕಣದಲ್ಲಿ 25.35, 27.3 ಅಥವಾ 29.4 ಎಂಬಂಥ ಸಂಖ್ಯೆ ಕಂಡರೆ ಅದನ್ನು ಕಡೆಗಣಿಸಬೇಡಿ. ಅದು ಎಂಜಿನ್ನಿನ ನಿಜವಾದ ಶಕ್ತಿಯಲ್ಲ. ಬ್ರಿಟಿಷರ ಕಾಲದಲ್ಲಿ ತೆರಿಗೆಗಾಗಿ ಹಾಕುತ್ತಿದ್ದ ಲೆಕ್ಕ. ಬೋರನ್ನು ಇಂಚಿನಲ್ಲಿ ಹಿಡಿದು, ಅದರ ವರ್ಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, ಎರಡೂವರೆಯಿಂದ ಭಾಗಿಸಿದರೆ ಆ ಸಂಖ್ಯೆ ಬರುತ್ತದೆ. ಇದನ್ನೇ ತಿರುಗಿಸಿದರೆ ಬೋರ್ ಸಿಗುತ್ತದೆ. ಆರು ಸಿಲಿಂಡರಿಗೆ 25.35 ಎಂದಿದ್ದರೆ ಬೋರ್ ಮೂರೂಕಾಲು ಇಂಚು. ಪ್ಲೈಮೌತ್, ಡಾಡ್ಜ್ ಕುಟುಂಬದ್ದು ಎಂಬುದಕ್ಕೆ ಮೊದಲ ಸುಳಿವು. 27.3 ಎಂದಿದ್ದರೆ 3⅜ ಇಂಚು. 29.4 ಎಂದಿದ್ದರೆ ಮೂರೂವರೆ ಇಂಚು, ಅಂದರೆ ಷೆವರ್ಲೆ 216ರ ಅಳತೆ. ಎಂಜಿನ್ ಮುಟ್ಟದೆಯೇ ಇಷ್ಟು ತಿಳಿಯುತ್ತದೆ.

ಮೂರು ಗುರುತುಗಳು, ಮೂರು ಅರ್ಥ

ಎಂಜಿನ್ ಮೇಲೆ ಮೂರು ಬಗೆಯ ಅಂಕಿಗಳಿರುತ್ತವೆ. ಇವನ್ನು ಒಂದಕ್ಕೊಂದು ಬೆರೆಸುವುದರಿಂದಲೇ ಬಹುಪಾಲು ಗೊಂದಲ ಹುಟ್ಟುತ್ತದೆ.

ಮೊದಲನೆಯದು ಎಂಜಿನ್ ಸಂಖ್ಯೆ. ಬ್ಲಾಕಿನ ಮೇಲೆ ನುಣುಪಾಗಿ ಅರೆದ ಪುಟ್ಟ ಜಾಗದಲ್ಲಿ ಉಕ್ಕಿನ ಅಚ್ಚಿನಿಂದ ಹೊಡೆದು ಒಳಕ್ಕೆ ಇಳಿಸಿದ ಅಂಕಿಗಳಿವು. ಆರ್‌ಸಿಯಲ್ಲಿ ಇರುವುದೂ ಇದೇ. ಕ್ರೈಸ್ಲರ್ ಗುಂಪಿನ ಹಳೆಯ ಆರು ಸಿಲಿಂಡರ್ ಎಂಜಿನ್‌ಗಳಲ್ಲಿ ಇದು ಎಡಭಾಗದಲ್ಲಿ, ಮುಂತುದಿಯಲ್ಲಿ, ಹೆಡ್ಡಿನ ಕೆಳಗೇ ಇರುತ್ತದೆ. ಎಡ, ಬಲ ಎನ್ನುವುದು ಚಾಲಕನ ಸೀಟಿನಲ್ಲಿ ಕೂತು ಮುಂದೆ ನೋಡಿದಾಗ ಕಾಣುವ ಎಡ, ಬಲ ಎಂಬುದು ನೆನಪಿರಲಿ. ಸಂಖ್ಯೆ ಪಿ15 ಎಂದು ಶುರುವಾದರೆ 1946–48ರ ಪ್ಲೈಮೌತ್, ಡಿ24 ಎಂದರೆ ಅದೇ ಕಾಲದ ಡಾಡ್ಜ್, ಎಸ್11 ಎಂದರೆ ಡಿಸೋಟೊ. ಟಿ ಅಕ್ಷರದಿಂದ ಆರಂಭವಾದರೆ ಅದು ಲಾರಿಯದು. ಸಂಖ್ಯೆಯ ಪಕ್ಕದಲ್ಲಿ ವಜ್ರದಂಥದ್ದೋ ಶಿಲುಬೆಯಂಥದ್ದೋ ಚಿಹ್ನೆ ಇದ್ದರೆ ಅದನ್ನೂ ಬರೆದುಕೊಳ್ಳಿ. ಕಾರ್ಖಾನೆಯಿಂದ ಹೊರಬರುವಾಗಲೇ ಬೋರ್ ಅಥವಾ ಕ್ರ್ಯಾಂಕಿನ ಅಳತೆ ಸಾಮಾನ್ಯಕ್ಕಿಂತ ಬೇರೆ ಇತ್ತು ಎಂದು ಹೇಳುವ ಗುರುತು ಅದು.

ಎರಡನೆಯದು ಎರಕದ ಸಂಖ್ಯೆ. ಇದು ಒಳಕ್ಕೆ ಹೊಡೆದದ್ದಲ್ಲ, ಎರಕ ಹೊಯ್ಯುವಾಗಲೇ ಉಬ್ಬಾಗಿ ಮೂಡಿಬಂದದ್ದು. ಒಂದೇ ಅಚ್ಚಿನಿಂದ ಬಂದ ಸಾವಿರಾರು ಬ್ಲಾಕುಗಳಿಗೆ ಒಂದೇ ಸಂಖ್ಯೆ. ನಿಮ್ಮ ಕಾರು ಯಾವುದೆಂದು ಅದು ಹೇಳುವುದಿಲ್ಲ, ಬ್ಲಾಕ್ ಯಾವ ಜಾತಿಯದು ಎಂದು ಹೇಳುತ್ತದೆ. ಬಿಡಿಭಾಗ ತರಿಸುವವರಿಗೆ ಬೇಕಾದದ್ದು ಇದೇ.

ಮೂರನೆಯದು ಎರಕದ ದಿನಾಂಕ. ಷೆವರ್ಲೆ ಬ್ಲಾಕುಗಳಲ್ಲಿ ಒಂದು ಅಕ್ಷರ, ಆಮೇಲೆ ಅಂಕಿಗಳು. ಎ ಎಂದರೆ ಜನವರಿ, ಎಲ್ ಎಂದರೆ ಡಿಸೆಂಬರ್. ಎಫ್ 12 4 ಎಂದಿದ್ದರೆ ಜೂನ್ 12, ವರ್ಷದ ಕೊನೆಯ ಅಂಕಿ 4. ಅದು 1944ರದೋ 1954ರದೋ ಎಂಬುದನ್ನು ಈ ಅಂಕಿಯೊಂದೇ ಹೇಳಲಾರದು. ಎರಕದ ಸಂಖ್ಯೆಯನ್ನು ಜೊತೆಗಿಟ್ಟು ನೋಡಬೇಕು. ಬ್ಲಾಕ್ ಎರಕ ಹೊಯ್ದ ದಿನ ಕಾರು ಜೋಡಣೆಯಾದ ದಿನಕ್ಕಿಂತ ಹಿಂದಿನದಾಗಿರಲೇಬೇಕು. 1951ರ ಕಾರಿನಲ್ಲಿ 1954ರ ಬ್ಲಾಕ್ ಕಂಡರೆ ನಡುವೆ ಯಾರೋ ಎಂಜಿನ್ ಬದಲಿಸಿದ್ದಾರೆ ಎಂದೇ ಅರ್ಥ.

ಈ ಗುರುತುಗಳನ್ನು ಓದುವಾಗ ಆತುರ ಸಲ್ಲದು. ದಶಕಗಳ ಎಣ್ಣೆ, ಧೂಳು, ಮೇಲೆ ಬಳಿದ ಬಣ್ಣ ಸೇರಿ ಅಂಕಿಗಳು ಮುಚ್ಚಿಹೋಗಿರುತ್ತವೆ. ಸೀಮೆಎಣ್ಣೆ ಹಚ್ಚಿ ನೆನೆಯಲು ಬಿಡಿ. ಹಿತ್ತಾಳೆ ತಂತಿಯ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಗ್ರೈಂಡರ್ ಮಾತ್ರ ಬೇಡವೇ ಬೇಡ. ಅಚ್ಚು ಹೊಡೆದ ಅಂಕಿಯ ಆಳ ಬಹಳ ಕಡಿಮೆ, ಒಮ್ಮೆ ಅರೆದುಹೋದರೆ ಕಾರಿನ ಕಾನೂನುಬದ್ಧ ಗುರುತೇ ಹೋದಂತೆ. ಒರೆಸಿದ ಮೇಲೆ ಸೀಮೆಸುಣ್ಣ ತೀಡಿದರೆ ಅಂಕಿಗಳು ಬಿಳಿಯಾಗಿ ಎದ್ದು ಕಾಣುತ್ತವೆ. ತೆಳುವಾದ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ.

ಹಳೇಬೀಡು, ಬೇಲೂರಿನ ಸೀಮೆಯಲ್ಲಿ ಈ ಕ್ರಮಕ್ಕೆ ಬೇರೆಯೇ ಒಂದು ಹಿನ್ನೆಲೆ ಇದೆ. ಶಾಸನ ಓದುವವರು ಮೊದಲು ಕಲ್ಲನ್ನು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ತಟ್ಟಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರೆ. ಓದು, ಅರ್ಥ, ಕಾಲನಿರ್ಣಯ ಎಲ್ಲ ಆಮೇಲೆ. ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 5ನೇ ಸಂಪುಟವಾಗಿ 1902ರಲ್ಲಿ ಹೊರತಂದದ್ದು ಇಂಥ ಶ್ರಮದಿಂದಲೇ. ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದುಹೋಗದಿದ್ದರೆ ಆ ಶಿಲ್ಪಗಳನ್ನು ಮಾಡಿದ ಕೈ ಯಾವುದೆಂದು ಇಂದು ಹೇಳಲಾಗುತ್ತಿರಲಿಲ್ಲ. ಎರಕದ ಮನೆಯ ಕಾರ್ಮಿಕರ ಹೆಸರು ಬ್ಲಾಕಿನ ಮೇಲೆ ಇಲ್ಲ. ಆದರೂ ಅವರು ಬಿಟ್ಟುಹೋದ ಅಂಕಿಗಳಿಗೆ ಅಷ್ಟೇ ಮರ್ಯಾದೆ ಸಲ್ಲಬೇಕು.

ಕಣ್ಣಿಗೆ ಕಾಣುವ ಸುಳಿವು

ಅಂಕಿಗಳು ಅಳಿಸಿಹೋಗಿದ್ದರೂ ಎಂಜಿನ್ನಿನ ಆಕಾರ ಬಹಳಷ್ಟು ಹೇಳುತ್ತದೆ. ಮೊದಲು ಹೆಡ್ ನೋಡಿ. ಮೇಲೆ ಟ್ಯಾಪೆಟ್ ಕವರ್ ಇಲ್ಲದೆ ಚಪ್ಪಟೆಯಾಗಿದ್ದು, ಸ್ಪಾರ್ಕ್ ಪ್ಲಗ್ಗುಗಳು ಮೇಲಿನಿಂದ ನೆಟ್ಟಿದ್ದರೆ ಅದು ಫ್ಲಾಟ್‌ಹೆಡ್, ಅಂದರೆ ವಾಲ್ವುಗಳು ಬ್ಲಾಕಿನಲ್ಲೇ ಇರುವ ಎಂಜಿನ್. ಪ್ಲೈಮೌತ್, ಡಾಡ್ಜ್, ಡಿಸೋಟೊ, ಫಾರ್ಗೊ, ಸ್ಟೂಡಿಬೇಕರ್ ಚಾಂಪಿಯನ್ ಈ ಗುಂಪಿಗೆ ಸೇರಿದವು. ಮೇಲೆ ಉದ್ದನೆಯ ಟ್ಯಾಪೆಟ್ ಕವರ್ ಇದ್ದು, ಪ್ಲಗ್ಗುಗಳು ಪಕ್ಕದಿಂದ ಕೂತಿದ್ದರೆ ಷೆವರ್ಲೆ ಇರಬಹುದು, ಸೇನೆಯ ಜೋಂಗಾ ಗಾಡಿಯ ನಿಸ್ಸಾನ್ ಇರಬಹುದು. ಕಾರ್ಬ್ಯುರೇಟರ್, ಮ್ಯಾನಿಫೋಲ್ಡ್ ಎಡಕ್ಕಿದ್ದು ಡಿಸ್ಟ್ರಿಬ್ಯೂಟರ್ ಬಲಕ್ಕಿದ್ದರೆ ಹಳೆಯ ಷೆವರ್ಲೆಯ ಲಕ್ಷಣ. ಕ್ರೈಸ್ಲರ್ ಫ್ಲಾಟ್‌ಹೆಡ್‌ನಲ್ಲಿ ಇದು ತಿರುವುಮುರುವು.

ಸ್ಪ್ಯಾನರ್ ಕೂಡ ಸಾಕ್ಷಿ ಹೇಳುತ್ತದೆ. ಅಮೆರಿಕದ ಎಂಜಿನ್‌ಗೆ ಇಂಚಿನ ಸ್ಪ್ಯಾನರ್, ಜಪಾನಿನದಕ್ಕೆ ಮಿಲಿಮೀಟರಿನದು. ಹಳೆಯ ಬ್ರಿಟಿಷ್ ಎಂಜಿನ್ನಿನ ವಿಟ್‌ವರ್ತ್ ಬೋಲ್ಟಿಗೆ ಈ ಎರಡೂ ಸರಿಯಾಗಿ ಕೂರುವುದಿಲ್ಲ; ಅದರ ಮರೆಯ ಕೋನವೇ ಬೇರೆ, 60 ಡಿಗ್ರಿಯ ಬದಲು 55 ಡಿಗ್ರಿ. ಒತ್ತಾಯದಿಂದ ತಿರುಗಿಸಿದರೆ ಮರೆ ಕೆಡುತ್ತದೆ.

ಫ್ಲಾಟ್‌ಹೆಡ್ ಎಂದು ಖಚಿತವಾದ ಮೇಲೆ ಟೇಪ್ ಹಿಡಿದು ಹೆಡ್ಡಿನ ಉದ್ದ ಅಳೆಯಿರಿ. ಕ್ರೈಸ್ಲರ್ ಗುಂಪಿನಲ್ಲಿ ಎರಡು ಕುಟುಂಬಗಳಿವೆ. ಒಂದರ ಹೆಡ್ ಸುಮಾರು 23 ಇಂಚು, ಇನ್ನೊಂದರದು ಸುಮಾರು 25 ಇಂಚು. ಅಮೆರಿಕದ ಪ್ಲೈಮೌತ್, ಡಾಡ್ಜ್‌ಗಳದು ಚಿಕ್ಕದು. ಕ್ರೈಸ್ಲರ್, ಡಿಸೋಟೊಗಳದು ಮತ್ತು ಕೆನಡಾದಲ್ಲಿ ತಯಾರಾದವುಗಳದು ಉದ್ದನೆಯದು. ಬ್ರಿಟಿಷ್ ಸಾಮ್ರಾಜ್ಯದೊಳಗಿನ ಸುಂಕ ರಿಯಾಯಿತಿಯಿಂದಾಗಿ ಕೆನಡಾದ ಕಾರುಗಳು ವಸಾಹತುಗಳಿಗೆ ರಫ್ತಾಗುತ್ತಿದ್ದವು. ಆದ್ದರಿಂದ ಭಾರತದಲ್ಲಿ ಎರಡೂ ಸಿಗುವ ಸಾಧ್ಯತೆ ಇದೆ.

ಎಡವಲು ಸುಲಭವಾದ ಜಾಗ ಇದೇ. ಅಮೆರಿಕದ 23 ಇಂಚಿನ ಎಂಜಿನ್ನಿನ ಬೋರ್ 3¼ ಇಂಚು, ಸ್ಟ್ರೋಕ್ 4⅜ ಇಂಚು, ಸಾಮರ್ಥ್ಯ 217.8 ಘನ ಇಂಚು. ಕೆನಡಾದ 25 ಇಂಚಿನ ಎಂಜಿನ್ನಿನ ಬೋರ್ 3⅜ ಇಂಚು, ಸ್ಟ್ರೋಕ್ 4 1/16 ಇಂಚು. ಸಾಮರ್ಥ್ಯ 218 ಘನ ಇಂಚು. ಎರಡಕ್ಕೂ ‘218’ ಎಂದೇ ಹೆಸರು. ಸಿಸಿ ಲೆಕ್ಕದಲ್ಲೂ ಎರಡೂ 3570ರ ಆಸುಪಾಸು. ಆದರೆ ಪಿಸ್ಟನ್, ರಿಂಗು, ಹೆಡ್ ಗ್ಯಾಸ್ಕೆಟ್, ಕ್ರ್ಯಾಂಕು ಯಾವುದೂ ಅದಲುಬದಲಾಗುವುದಿಲ್ಲ. ‘218ರ ಗ್ಯಾಸ್ಕೆಟ್ ಸೆಟ್’ ಎಂದು ಹೊರದೇಶದಿಂದ ತರಿಸಿ, ಸುಂಕ ಕಟ್ಟಿ, ಬಿಚ್ಚಿ ನೋಡಿದಾಗ ಎರಡು ಇಂಚು ಗಿಡ್ಡ ಇದ್ದರೆ ಆ ಹಣ ಹೋದಂತೆಯೇ. ಒಂದು ಟೇಪ್ ಅದನ್ನು ಉಳಿಸುತ್ತದೆ.

ಆರನೇ ಸಿಲಿಂಡರಿನ ತೂತು

ಇನ್ನೊಂದು ತೊಡಕಿದೆ. 23 ಇಂಚಿನ ಕುಟುಂಬದಲ್ಲೇ ಯುದ್ಧಾನಂತರದ ಪ್ಲೈಮೌತ್ 217.8 ಘನ ಇಂಚಿನದು, ಡಾಡ್ಜ್ 230 ಘನ ಇಂಚಿನದು. ಎರಡರ ಬೋರೂ ಮೂರೂಕಾಲು ಇಂಚೇ. ಹೆಡ್ಡಿನ ಉದ್ದವೂ ಒಂದೇ, ಪುಸ್ತಕದಲ್ಲಿನ 25.35 ಅಶ್ವಶಕ್ತಿಯೂ ಒಂದೇ. ವ್ಯತ್ಯಾಸ ಇರುವುದು ಸ್ಟ್ರೋಕಿನಲ್ಲಿ: ಒಂದರದು 111 ಮಿ.ಮೀ., ಇನ್ನೊಂದರದು 117.5 ಮಿ.ಮೀ. ಹೆಡ್ ತೆಗೆಯದೆ ಇದನ್ನು ಕಂಡುಹಿಡಿಯುವುದು ಹೇಗೆ?

ಅದಕ್ಕೆ ಕಾರ್ಖಾನೆಯವರೇ ದಾರಿ ಬಿಟ್ಟಿದ್ದಾರೆ. ಹೆಡ್ಡಿನ ಹಿಂತುದಿಯಲ್ಲಿ, ಆರನೇ ಸಿಲಿಂಡರಿನ ಪಿಸ್ಟನ್ ಮೇಲ್ಭಾಗಕ್ಕೆ ಸರಿಯಾಗಿ, ಸ್ಪಾರ್ಕ್ ಪ್ಲಗ್ ಅಲ್ಲದ ಒಂದು ಪುಟ್ಟ ಮರೆಯುಳ್ಳ ಬಿರಡೆ ಇರುತ್ತದೆ. ಟೈಮಿಂಗ್ ನೋಡಲೆಂದು ಇಟ್ಟದ್ದು ಅದು. ತುಕ್ಕು ಹಿಡಿದಿದ್ದರೆ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಆರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಂಜಿನ್ ಹಗುರವಾಗಿ ತಿರುಗುವಂತೆ ಮಾಡಿ. ಬಿರಡೆ ತೆಗೆದು ನೆಟ್ಟಗಿರುವ ದಪ್ಪ ತಾಮ್ರದ ತಂತಿಯನ್ನು ಇಳಿಬಿಡಿ. ಒಬ್ಬರು ಹ್ಯಾಂಡಲ್ ಹಿಡಿದು ಎಂಜಿನ್ನನ್ನು ನಿಧಾನವಾಗಿ ತಿರುಗಿಸಲಿ, ಇನ್ನೊಬ್ಬರು ತಂತಿಯನ್ನು ನೆಟ್ಟಗೆ ಹಿಡಿದಿರಲಿ. ತಂತಿ ಬೆರಳಿನಡಿ ಮೇಲೇರುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಮತ್ತೆ ಇಳಿಯತೊಡಗುತ್ತದೆ. ನಿಂತ ಜಾಗದಲ್ಲಿ, ಹೆಡ್ಡಿನ ಮಟ್ಟಕ್ಕೆ ಸರಿಯಾಗಿ ತಂತಿಯ ಮೇಲೆ ಒಂದು ಗೆರೆ. ಪಿಸ್ಟನ್ ತೀರಾ ಕೆಳಗಿಳಿದಾಗ ಇನ್ನೊಂದು ಗೆರೆ. ಎರಡು ಗೆರೆಗಳ ನಡುವಿನ ಅಂತರವೇ ಸ್ಟ್ರೋಕ್. ಆರೂವರೆ ಮಿಲಿಮೀಟರಿನ ಆ ವ್ಯತ್ಯಾಸ ಸಾಮಾನ್ಯ ಸ್ಕೇಲಿನಲ್ಲೂ ಸ್ಪಷ್ಟವಾಗಿ ಕಾಣುತ್ತದೆ.

ಸಾಲು ಆರು ಸಿಲಿಂಡರ್ ಎಂಜಿನ್ನಿನಲ್ಲಿ ಒಂದನೆಯ ಮತ್ತು ಆರನೆಯ ಪಿಸ್ಟನ್ ಜೊತೆಯಾಗಿ ಏರಿಳಿಯುತ್ತವೆ. ಎರಡು–ಐದು, ಮೂರು–ನಾಲ್ಕು ಕೂಡ ಹಾಗೆಯೇ. ಹೀಗಾಗಿ ಆರನೆಯದರಲ್ಲಿ ಕಂಡದ್ದು ಒಂದನೆಯದಕ್ಕೂ ಅನ್ವಯ. ಈ ಜೋಡಿಗಳು ಪರಸ್ಪರ 120 ಡಿಗ್ರಿ ಅಂತರದಲ್ಲಿರುವುದರಿಂದಲೇ ಇಂಥ ಎಂಜಿನ್ ಅಷ್ಟು ನುಣುಪಾಗಿ ತಿರುಗುವುದು. ಪ್ಲೈಮೌತ್‌ಗೂ ಷೆವರ್ಲೆಗೂ ಕಿಡಿ ಹಾರುವ ಕ್ರಮ 1–5–3–6–2–4.

ಎಂಜಿನ್ ಜಾಮ್ ಆಗಿದ್ದರೆ ಮಾತ್ರ ಹ್ಯಾಂಡಲ್ ಮೇಲೆ ಬಲಪ್ರಯೋಗ ಬೇಡ. ಪ್ಲಗ್ಗಿನ ತೂತುಗಳಲ್ಲಿ ತುಕ್ಕು ಬಿಡಿಸುವ ಎಣ್ಣೆ ಹಾಕಿ ದಿನಗಟ್ಟಲೆ ಬಿಡಿ. ಅವಸರದಲ್ಲಿ ಒಡೆದ ರಿಂಗು ಸಿಲಿಂಡರಿನ ಗೋಡೆಯನ್ನು ಗೀರಿದರೆ ಸ್ಲೀವ್ ಹಾಕಿಸುವ ಖರ್ಚು ತಪ್ಪದು.

ಗುರುತು ತಪ್ಪಿದರೆ ಏನಾಗುತ್ತದೆ

ಷೆವರ್ಲೆಯ ಉದಾಹರಣೆ ತೆಗೆದುಕೊಳ್ಳಿ. 1937ರಿಂದ 1953ರವರೆಗಿನ 216 ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡ್‌ಗೆ ಬಿಡಿ ಬೇರಿಂಗ್ ಇಲ್ಲ. ಬ್ಯಾಬಿಟ್ ಎಂಬ ಮೆತು ಲೋಹವನ್ನು ರಾಡ್‌ನಲ್ಲೇ ಕರಗಿಸಿ ಹೊಯ್ದು ಅಳತೆಗೆ ಕೊರೆದಿರುತ್ತಾರೆ. ರಾಡ್‌ನ ತುದಿ ಚೇಂಬರಿನ ತೊಟ್ಟಿಯಲ್ಲಿನ ಎಣ್ಣೆಯನ್ನು ಮೊಗೆದುಕೊಳ್ಳುತ್ತದೆ. 1954ರ ನಂತರದ 235 ಎಂಜಿನ್ನಿನಲ್ಲಿ ಬಿಡಿ ಬೇರಿಂಗುಗಳಿವೆ, ಎಣ್ಣೆ ಒತ್ತಡದಿಂದ ರಾಡ್‌ವರೆಗೂ ಹೋಗುತ್ತದೆ. ಹೊರಗಿನಿಂದ ಎರಡೂ ಅಣ್ಣತಮ್ಮಂದಿರೇ. ಟ್ಯಾಪೆಟ್ ಕವರಿನ ನಡುವೆ ಎರಡು ನಟ್ ಇದ್ದರೆ ಹಳೆಯದು, ಅಂಚಿನಲ್ಲಿ ನಾಲ್ಕು ಸ್ಕ್ರೂ ಇದ್ದರೆ ಹೊಸದು. ಪಕ್ಕದ ತಗಡಿನ ಕವರ್ ಪ್ಲಗ್ಗುಗಳ ಮಟ್ಟದವರೆಗೂ ಏರಿದ್ದರೆ ಹಳೆಯದು, ಪ್ಲಗ್ಗುಗಳ ಕೆಳಗೇ ನಿಂತಿದ್ದರೆ ಹೊಸದು. ಕವರುಗಳು ಬದಲಾಗಿರಲೂಬಹುದು, ಆದ್ದರಿಂದ ಎರಕದ ಸಂಖ್ಯೆಯೇ ಅಂತಿಮ.

ಈ ವ್ಯತ್ಯಾಸ ತಿಳಿಯದ ಮೆಕ್ಯಾನಿಕ್ 216 ಎಂಜಿನ್ನಿನ ಆಯಿಲ್ ಗೇಜಿನಲ್ಲಿ 14–15 ಪೌಂಡ್ ಒತ್ತಡ ಕಂಡು ಪಂಪು ಹೋಗಿದೆ ಎಂದುಕೊಳ್ಳುತ್ತಾನೆ. ಆ ಎಂಜಿನ್ನಿಗೆ ಅಷ್ಟೇ ಸಹಜ. ಇಲ್ಲದ ರೋಗಕ್ಕೆ ಮದ್ದು ಮಾಡಲು ಹೋಗಿ ಸುಸ್ಥಿತಿಯಲ್ಲಿದ್ದ ಎಂಜಿನ್ನನ್ನು ಕೆಡಿಸಿದಂತಾಗುತ್ತದೆ. ಬ್ಯಾಬಿಟ್ ಹೊಯ್ಯಬಲ್ಲವರು ಈಗ ವಿರಳ. ಆದ್ದರಿಂದ ಅದು 216 ಎಂದು ಮೊದಲೇ ಗೊತ್ತಾದರೆ ಅಂಥವರನ್ನು ಹುಡುಕಿಟ್ಟುಕೊಂಡೇ ಬಿಚ್ಚಬಹುದು.

ಕ್ರೈಸ್ಲರ್ ಫ್ಲಾಟ್‌ಹೆಡ್‌ನ ಗುಟ್ಟು ಇನ್ನೊಂದು. ವಾಟರ್ ಪಂಪಿನ ಹಿಂದೆ, ಬ್ಲಾಕಿನ ಒಳಗೆ, ಉದ್ದಕ್ಕೂ ಒಂದು ತಗಡಿನ ಕೊಳವೆ ಇರುತ್ತದೆ. ತಣ್ಣೀರನ್ನು ಒಂದೊಂದು ವಾಲ್ವಿನ ಬಳಿಗೂ ಒಯ್ಯುವುದು ಅದರ ಕೆಲಸ. ಕೊಳವೆಬಾವಿಯ ಗಡಸು ನೀರನ್ನೇ ರೇಡಿಯೇಟರಿಗೆ ತುಂಬಿದ ಕಾರಿನಲ್ಲಿ ಅದು ತುಕ್ಕು ಹಿಡಿದು ಒಡೆದಿರುವ ಸಂಭವವೇ ಹೆಚ್ಚು. ಪಂಪ್ ಬಿಚ್ಚದೆ ಅದು ಕಣ್ಣಿಗೆ ಬೀಳುವುದಿಲ್ಲ. ಅದನ್ನು ಹಾಗೇ ಬಿಟ್ಟು ಹೊಸ ಪಿಸ್ಟನ್, ಹೊಸ ವಾಲ್ವು ಹಾಕಿದರೆ ಹಿಂಬದಿಯ ಸಿಲಿಂಡರುಗಳು ಮತ್ತೆ ಕಾಯುತ್ತವೆ, ವಾಲ್ವು ಸುಡುತ್ತದೆ. ಇದು ಕ್ರೈಸ್ಲರ್ ಕುಟುಂಬದ್ದು ಎಂದು ತಿಳಿದವನಿಗಷ್ಟೇ ಆ ಕೊಳವೆಯನ್ನು ಹುಡುಕಬೇಕೆಂದು ಹೊಳೆಯುತ್ತದೆ.

ಜೋಂಗಾದ ವಂಶಾವಳಿ

ಸೇನೆಯ ಹರಾಜಿನಿಂದ ಮಲೆನಾಡಿನ ತೋಟಗಳಿಗೆ ಬಂದ ಜೋಂಗಾಗಳಲ್ಲೂ ಸಾಲು ಆರು ಸಿಲಿಂಡರ್ ಎಂಜಿನ್ ಇದೆ. ಜಬಲ್‌ಪುರದ ವಾಹನ ಕಾರ್ಖಾನೆಯಲ್ಲಿ ನಿಸ್ಸಾನ್ ಪರವಾನಗಿಯಡಿ ತಯಾರಾದ ಈ ಗಾಡಿಯ ‘ಪಿ’ ಎಂಜಿನ್ 3956 ಸಿಸಿಯದು: ಬೋರ್ 85.7 ಮಿ.ಮೀ., ಸ್ಟ್ರೋಕ್ 114.3 ಮಿ.ಮೀ. ಮಿಲಿಮೀಟರಿನ ದೇಶದ ಎಂಜಿನ್ನಿಗೆ 114.3 ಎಂಬ ಅಳತೆ ಏಕೆ? ಅದು ಸರಿಯಾಗಿ ನಾಲ್ಕೂವರೆ ಇಂಚು. 1936ರಲ್ಲಿ ನಿಸ್ಸಾನ್ ಅಮೆರಿಕದ ಗ್ರಹಾಂ–ಪೇಜ್ ಕಂಪನಿಯಿಂದ ವಿನ್ಯಾಸವನ್ನೂ ಯಂತ್ರಗಳನ್ನೂ ಕೊಂಡಿತು. ಆ ಫ್ಲಾಟ್‌ಹೆಡ್ ಎಂಜಿನ್ನಿನ ಬೋರ್ 3¼ ಇಂಚು, ಸ್ಟ್ರೋಕ್ 4½ ಇಂಚು. ಮುಂದೆ ವಾಲ್ವುಗಳು ಮೇಲಕ್ಕೆ ಬಂದವು, ಬೋರ್ ಹಿಗ್ಗಿತು, ಸ್ಟ್ರೋಕ್ ಮಾತ್ರ ಹಾಗೇ ಉಳಿಯಿತು. 

ಜೋಂಗಾ ಕೊಳ್ಳುವವರು ನೋಡಬೇಕಾದ ಮೊದಲ ಸಂಗತಿಯೆಂದರೆ ಬಾನೆಟ್ಟಿನಡಿ ಈ ಪೆಟ್ರೋಲ್ ಎಂಜಿನ್ ಇದೆಯೇ, ಇಲ್ಲ ಡೀಸೆಲ್ ಬಂದಿದೆಯೇ ಎಂಬುದು. ಡೀಸೆಲ್ ಬಂದಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿದೆಯೇ ಎಂಬುದನ್ನೂ ನೋಡಿ.

ಕಾನೂನು ಏನು ಹೇಳುತ್ತದೆ

ಇದು ಹವ್ಯಾಸಿಗಳ ಹಟ ಮಾತ್ರವಲ್ಲ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಎಂಜಿನ್ ಬದಲಾವಣೆ ನೋಂದಣಿ ದಾಖಲೆಗೆ ಸೇರಲೇಬೇಕು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳಿಗೆ ಮಾತ್ರ ಈ ಮಾನ್ಯತೆ. ಚಾಸಿ, ಬಾಡಿ, ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಇರಕೂಡದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ ನಿಗದಿಯಾಯಿತು. ನೋಂದಣಿಯ ಅವಧಿ 10 ವರ್ಷ. ಸಂಖ್ಯೆಯಲ್ಲಿ ರಾಜ್ಯದ ಸಂಕೇತದ ಬಳಿಕ ‘ವಿಎ’ ಅಕ್ಷರಗಳು ಬರುತ್ತವೆ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವುದು, ದುರಸ್ತಿ ಇವುಗಳಿಗಷ್ಟೇ ರಸ್ತೆಗಿಳಿಸಬಹುದು.

ಹೀಗಿರುವಾಗ ಬ್ಲಾಕ್ ಬದಲಿಸುವ ಒಂದು ದುಡುಕಿನ ತೀರ್ಮಾನ ಕಾರಿನ ಮಾನ್ಯತೆಯನ್ನೇ ಕಳೆಯಬಲ್ಲದು. ಮೂಲ ಬ್ಲಾಕ್ ಬಿರುಕು ಬಿಟ್ಟಿದ್ದರೂ ಎಸೆಯಬೇಡಿ. ಎರಕದ ಕಬ್ಬಿಣವನ್ನು ಹೊಲಿದು, ಬೆಸೆದು ಉಳಿಸುವ ವಿಧಾನಗಳಿವೆ. ಸಿಲಿಂಡರ್ ತೀರಾ ಸವೆದಿದ್ದರೆ ಸ್ಲೀವ್ ಇದೆ. ಇವೆಲ್ಲ ಸಾಧ್ಯವೇ ಎಂದು ನಿರ್ಧರಿಸಲು ಬೇಕಾದದ್ದೂ ಅದೇ ಮಾಹಿತಿ: ಮೂಲ ಬೋರ್ ಎಷ್ಟು, ಈವರೆಗೆ ಎಷ್ಟು ಕೊರೆದಿದ್ದಾರೆ, ಇನ್ನೆಷ್ಟು ಗೋಡೆ ಉಳಿದಿದೆ. ಪಿಸ್ಟನ್ನಿನ ತಲೆಯ ಮೇಲೆ .030, .060 ಎಂದು ಕೊರೆದಿದ್ದರೆ ಅದು ಇಂಚಿನ ಸಾವಿರದ ಲೆಕ್ಕದಲ್ಲಿ ಹಿಂದೆ ಆದ ಬೋರಿಂಗ್. .060 ಎಂದರೆ ಒಂದೂವರೆ ಮಿಲಿಮೀಟರ್ ಆಗಲೇ ಹೋಗಿದೆ ಎಂದರ್ಥ.

ಅರಸೀಕೆರೆಯ ಗ್ಯಾರೇಜುಗಳಲ್ಲಿ ಕೈಚಳಕಕ್ಕೆ ಕೊರತೆಯಿಲ್ಲ. ಆರು ಸಿಲಿಂಡರ್ ಎಂಜಿನ್ನಿನ ಕ್ರ್ಯಾಂಕ್ ಕೂರಿಸಬಲ್ಲವರು, ಬೋರ್ ನೋಡಬಲ್ಲವರು ಇಲ್ಲೇ ಇದ್ದಾರೆ. ಅವರಿಗೆ ಬೇಕಾಗಿರುವುದು ಸರಿಯಾದ ಅಳತೆಯ ಪಟ್ಟಿ. ಅದನ್ನು ಒದಗಿಸುವುದು ಕಾರಿನ ಮಾಲೀಕರ ಹೊಣೆ. ಕಾರು ನಿಮ್ಮದಾಗಿದ್ದರೆ ಒಂದು ನೋಟ್‌ಬುಕ್ ಇಡಿ. ಎಂಜಿನ್ ಸಂಖ್ಯೆಯ ಪೆನ್ಸಿಲ್ ಅಚ್ಚು, ಎರಕದ ಸಂಖ್ಯೆ, ಎರಕದ ದಿನಾಂಕ, ಹೆಡ್ಡಿನ ಉದ್ದ, ಬೋರ್, ಸ್ಟ್ರೋಕ್ ಇವಿಷ್ಟನ್ನೂ ಬರೆದು, ನಾಲ್ಕೂ ಕಡೆಯಿಂದ ಚಿತ್ರ ತೆಗೆದು, ಅದರ ಒಂದು ಪ್ರತಿಯನ್ನು ಮೆಕ್ಯಾನಿಕ್‌ಗೆ ಕೊಡಿ. ಆ ಪುಟ ತುಂಬುವವರೆಗೆ ಒಂದು ಬೋಲ್ಟನ್ನೂ ಬಿಚ್ಚಿಸಬೇಡಿ, ಒಂದು ಸಾಮಾನಿಗೂ ಮುಂಗಡ ಕೊಡಬೇಡಿ.